ಖಾಲಿ ತೋಟೆಗೆ ಅಭ್ಯಂಜನ

ಬಾಬಾಬುಡನ್‌ಗಿರಿಯ ಬುಡದಿಂದ ಮೂಡಿಗೆರೆ ದಾಟಿ ಕಳಸದವರೆಗೆ, ಕೋವಿ ಇರುವ ಮನೆಗಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಈಡು ಹಾರಿದ ಮೇಲೆ ಉಳಿಯುವ ಖಾಲಿ ತೋಟೆಯನ್ನು ಬಿಸಾಡಬಾರದು. ಚೆನ್ನಾಗಿ ತೊಳೆದು, ಒಣಗಿಸಿ, ಮತ್ತೆ ಮದ್ದು ಚರೆ ತುಂಬಿಕೊಂಡರೆ ಅದು ಹೊಸದರಷ್ಟೇ ಒಳ್ಳೆಯದು. ಈ ಮಾತನ್ನು ಯಾರೂ ಸಾಬೀತು ಮಾಡಿದ್ದಿಲ್ಲ, ಯಾರಿಗೂ ಕೇಳಬೇಕೆಂದು ಅನ್ನಿಸಿದ್ದೂ ಇಲ್ಲ. ಚರ್ಚೆ ನಡೆದರೆ ಅದು ತೊಳೆಯುವ ವಿಧಾನದ ಬಗ್ಗೆ ಮಾತ್ರ. ಸೀಮೆಎಣ್ಣೆಯೋ ಸೋಪಿನ ನೀರೋ? ಹಿತ್ತಾಳೆಯದಾದರೆ ಹುಣಸೆಹಣ್ಣೋ ಬೂದಿಯೋ? ಬಿಸಿಲಿಗಿಡಬೇಕೋ ಒಲೆಯ ಮೇಲಿನ ಅಟ್ಟಕ್ಕೋ? ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಎಣ್ಣೆ ಹಚ್ಚಿ ಸೀಗೆಪುಡಿ ತಿಕ್ಕಿ ಮಗುವಿಗೆ ನೀರು ಹಾಕುವ ಅಜ್ಜಿಯರಲ್ಲೂ ಇಷ್ಟು ಪಂಗಡಗಳಿಲ್ಲ.

ಈ ಶಾಸ್ತ್ರವನ್ನೇ ನಾನು ಆಕ್ಷೇಪಿಸುತ್ತಿದ್ದೇನೆ. ಒಮ್ಮೆ ಹಾರಿದ ತೋಟೆಯನ್ನು ಮನೆಯಲ್ಲಿ ಮತ್ತೆ ತುಂಬುವ ಇಡೀ ವ್ಯವಹಾರದಲ್ಲಿ ಅತ್ಯಂತ ಅಪಾಯದ ಹಂತ ಎಂದರೆ ಈ ತೊಳೆಯುವುದೇ. ಮಸಿ ಹಿಡಿದು, ಮಣ್ಣು ಮೆತ್ತಿ, ತುಕ್ಕು ಹತ್ತಿದ ತೋಟೆಯನ್ನು ಕಂಡರೆ ಯಾರಿಗಾದರೂ ಒಂದಿಷ್ಟು ಅನುಮಾನ ಹುಟ್ಟುತ್ತದೆ. ಅದನ್ನು ತಿಕ್ಕಿ ಫಳಫಳ ಹೊಳೆಸಿದ ಕೂಡಲೇ ಅನುಮಾನವೂ ನೀರಿನೊಂದಿಗೆ ಹರಿದುಹೋಗುತ್ತದೆ. ಕೊಳೆ ಹೋಯಿತು, ದೋಷ ಉಳಿಯಿತು, ಜೊತೆಗೆ ಧೈರ್ಯ ಬಂತು. ಈ ಮೂರೂ ಒಂದು ನಳಿಗೆಯೊಳಗೆ ಸೇರುವುದನ್ನು ನಾವು ‘ಹಿರಿಯರ ಜಾಣತನ’ ಎಂದು ಕರೆಯುತ್ತಾ ಬಂದಿದ್ದೇವೆ.

ತೋಟೆಯೊಳಗೆ ಏನಾಗುತ್ತದೆ ನೋಡೋಣ. ಎರಡೂಮುಕ್ಕಾಲು ಇಂಚಿನ 12 ಬೋರ್ ತೋಟೆಗೆ ಅಮೆರಿಕದ ಬಂದೂಕು ತಯಾರಕರು ಇಟ್ಟುಕೊಂಡಿರುವ ಗರಿಷ್ಠ ಒತ್ತಡದ ಮಿತಿ ಚದರ ಇಂಚಿಗೆ 11,500 ಪೌಂಡ್. ತೋಟಕ್ಕೆ ಓಡಾಡುವ ಜೀಪಿನ ಟೈರಿಗೆ ಹಾಕಿಸುವುದು ಮೂವತ್ತು ಚಿಲ್ಲರೆ. ಅಷ್ಟು ಒತ್ತಡವನ್ನು ಒಮ್ಮೆ ತಿಂದ ಪ್ಲಾಸ್ಟಿಕ್ ಕೊಳವೆ ಅದು. ಅದರ ಮಡಿಸಿದ ಬಾಯಿ ಬಿರಿದಿರುತ್ತದೆ. ಲೋಹದ ತಳಕ್ಕೆ ಅಂಟಿಕೊಂಡ ಜಾಗದಲ್ಲಿ ಸೂಜಿಮೊನೆಯಷ್ಟು ತೂತು ಸುಟ್ಟಿರಬಹುದು. ಕೇಪು ಕೂರುವ ಗೂಡು ಸಡಿಲವಾಗಿರುತ್ತದೆ. ಎಷ್ಟೋ ಬಗೆಯ ತೋಟೆಗಳಲ್ಲಿ ತಳದೊಳಗೆ ಬೇರೆಯಾಗಿಯೇ ಒತ್ತಿ ಕೂರಿಸಿದ ಒಂದು ದಪ್ಪ ಬಿಲ್ಲೆ ಇರುತ್ತದೆ. ಅದು ಅಲುಗಾಡತೊಡಗಿದರೆ ಎರಡನೆಯ ಈಡಿನಲ್ಲಿ ಕಿತ್ತು ಬಂದು ನಳಿಗೆಯ ನಡುವೆ ಸಿಕ್ಕಿಕೊಳ್ಳಬಹುದು. ಆಮೇಲೆ ಇನ್ನೊಂದು ಈಡು ಹಾರಿಸಿದವನ ಎಡಗೈ ಇರುವುದು ಸರಿಯಾಗಿ ಆ ನಳಿಗೆಯ ಕೆಳಗೆ. ಇದರಲ್ಲಿ ಯಾವ ದೋಷ ಸೋಪಿಗೆ ಹೋಗುತ್ತದೆ? ಯಾವುದನ್ನು ಹುಣಸೆಹಣ್ಣು ಗುಣ ಮಾಡುತ್ತದೆ?

ಗುಣ ಮಾಡುವುದಿರಲಿ, ತೊಳೆಯುವುದರಿಂದಲೇ ಹೊಸ ರೋಗ ಹತ್ತುತ್ತದೆ. ಆ ಬಿಲ್ಲೆಯ ಅಡಿಗೆ, ತಳದ ಸಂದಿಗೆ ಇಳಿದ ನೀರು ಹೊರಗಿನಿಂದ ಕಾಣುವುದಿಲ್ಲ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಮಳೆಗಾಲದಲ್ಲಿ ಬೆಂಕಿಪೊಟ್ಟಣ, ಉಪ್ಪು, ಚರ್ಮದ ಬೂಟು ಯಾವುದೂ ಒಣಗಿರದ ಊರು ನಮ್ಮದು. ಕಳಸದ ಕಡೆ ಜುಲೈನಲ್ಲಿ ಗೋಡೆಗೆ ಒರಗಿದರೆ ಅಂಗಿ ತೇವವಾಗುತ್ತದೆ. ಅಂಥಲ್ಲಿ ‘ಎರಡು ದಿನ ಅಟ್ಟದ ಮೇಲೆ ಇಟ್ಟಿದ್ದೆ, ಒಣಗಿದೆ’ ಎನ್ನುವ ಭರವಸೆಯ ಮೇಲೆ ಮದ್ದು ಸುರಿಯುತ್ತೇವೆ. ತೇವ ಕುಡಿದ ಮದ್ದು ಪೂರ್ತಿ ಉರಿಯುವುದಿಲ್ಲ. ‘ಠುಸ್’ ಎಂದು ಚರೆಯನ್ನೂ, ಮದ್ದಿಗೂ ಚರೆಗೂ ನಡುವೆ ಇಡುವ ಬಿಲ್ಲೆಯನ್ನೂ ಅರ್ಧ ದಾರಿಯಲ್ಲೇ ಬಿಡುತ್ತದೆ. ಹಂದಿ ಎದುರಿಗಿರುವಾಗ ನಳಿಗೆ ಇಣುಕಿ ನೋಡುವ ವ್ಯವಧಾನ ಯಾರಿಗಿದೆ? ಮುಂದಿನ ತೋಟೆ ತುರುಕುತ್ತಾರೆ, ಕೋವಿಯ ಕುದುರೆ ಎಳೆಯುತ್ತಾರೆ.

‘ಅಯ್ಯೋ, ಪ್ಲಾಸ್ಟಿಕ್ಕಿನ ಮಾತು ಬಿಡಿ, ನಮ್ಮಲ್ಲಿರುವುದು ಅಜ್ಜನ ಕಾಲದ ಗಟ್ಟಿ ಹಿತ್ತಾಳೆ’ ಎನ್ನುವವರದು ಇನ್ನೊಂದು ಕುಲ. ಇವರ ಜಂಬಕ್ಕೆ ನಮ್ಮ ದೇಶದ ಮಳೆಗಾಲವೇ ನೂರು ವರ್ಷದ ಹಿಂದೆ ಉತ್ತರ ಕೊಟ್ಟಾಗಿದೆ. ಬ್ರಿಟಿಷ್ ಸೈನ್ಯ ಇಂಡಿಯಾದಲ್ಲಿ ಮಳೆಗಾಲದ ಹೊತ್ತು ಹಿತ್ತಾಳೆಯ ತೋಟೆಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಇಡುತ್ತಿತ್ತು. ಯಾರೂ ಮುಟ್ಟದೆ, ಯಾರೂ ಹಾರಿಸದೆ, ಇಟ್ಟಲ್ಲೇ ಅವು ಸೀಳು ಬಿಡುತ್ತಿದ್ದವು. ಕಾರಣ ಖಚಿತವಾದದ್ದು 1921ರಲ್ಲಿ: ಕುದುರೆಯ ಗಂಜಲದಿಂದ ಏಳುವ ಅಮೋನಿಯ, ಮತ್ತು ತೋಟೆ ತಯಾರಾಗುವಾಗ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತ, ಎರಡೂ ಸೇರಿ ಲೋಹವನ್ನು ಒಳಗಿನಿಂದ ಬಿರಿಸುತ್ತಿದ್ದವು. ಈಗ ನಮ್ಮ ಮನೆಗಳ ಕಡೆ ಕಣ್ಣು ಹಾಯಿಸಿ. ಖಾಲಿ ತೋಟೆಯ ಡಬ್ಬಿ ಇರುವುದು ಎಲ್ಲಿ? ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ಯೂರಿಯಾ ಚೀಲದ ಮೇಲೆ. ಲಾಯ ಹೋಗಿ ಕೊಟ್ಟಿಗೆ ಬಂದಿದೆ, ಅಷ್ಟೇ. ಜೊತೆಗೆ ಆ ಕಾಲದ ಎಷ್ಟೋ ಕೇಪುಗಳಲ್ಲಿ ಪಾದರಸದ ಸಂಯುಕ್ತ ಇರುತ್ತಿತ್ತು. ಈಡು ಹಾರಿದಾಗ ಬಿಡುಗಡೆಯಾಗುವ ಪಾದರಸ ಹಿತ್ತಾಳೆಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಲೋಹದೊಳಗೇ ಸೇರಿಕೊಂಡದ್ದನ್ನು ಯಾವ ಬೂದಿ ತಿಕ್ಕಿ ತೆಗೆಯುತ್ತೀರಿ? ಹೊಳಪು ಬರುತ್ತದೆ, ನಿಜ. ಪಿತೃಪಕ್ಷಕ್ಕೆ ಇಳಿಸಿದ ತಂಬಿಗೆಯಂತೆ ಹೊಳೆಯುವ ಆ ತೋಟೆಯಲ್ಲಿ ಬಿರುಕು ಎಲ್ಲಿದೆ ಎಂದು ಹೇಳುವ ಕಣ್ಣು ಮಾತ್ರ ನಮಗ್ಯಾರಿಗೂ ಇಲ್ಲ.

ಕರಿಮದ್ದಿನ ಕಥೆ ಬೇರೆಯೇ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗಿ ಹೋಗದೆ ಘನವಾದ ಮಸಿ ಮತ್ತು ಉಪ್ಪುಗಳಾಗಿ ಉಳಿಯುತ್ತದೆ. ಆ ಉಪ್ಪುಗಳು ಗಾಳಿಯ ತೇವವನ್ನು ಎಳೆದುಕೊಂಡು ಲೋಹವನ್ನು ತಿನ್ನುತ್ತವೆ. ಹಾಗಾಗಿ ನಳಿಗೆಯ ಬಾಯಿಂದಲೇ ಮದ್ದು ತುಂಬುವ ಕೇಪಿನ ಕೋವಿಯ ನಳಿಗೆಯನ್ನು ಬಿಸಿನೀರು ಹಾಕಿ ತೊಳೆಯುವುದು ಸರಿಯೇ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕೇಪಿನ ಕೋವಿಯ ಅಭ್ಯಾಸಗಳೆಲ್ಲ ತೋಟೆ ಕೋವಿಗೂ ವಲಸೆ ಬಂದದ್ದೇ ಅನಾಹುತ. ನಳಿಗೆಗೆ ಕಣ್ಣಂದಾಜಿನಲ್ಲಿ ಮದ್ದು ಸುರಿದು ಗಜದಿಂದ ಜಡಿಯುತ್ತಿದ್ದ ಕೈಗೆ ತೋಟೆಯೂ ಒಂದು ಪುಟ್ಟ ನಳಿಗೆಯಾಗಿ ಕಂಡಿತು. ಹೊಗೆರಹಿತ ಮದ್ದು ಕರಿಮದ್ದಿನ ಸೋದರಸಂಬಂಧಿಯೂ ಅಲ್ಲ. ಒಂದರ ಅಳತೆಯಲ್ಲಿ ಇನ್ನೊಂದನ್ನು ಸುರಿದರೆ ನಳಿಗೆ ಸೀಳುವುದು ಅದೃಷ್ಟದ ಪ್ರಶ್ನೆಯಲ್ಲ, ರಸಾಯನಶಾಸ್ತ್ರದ ಪ್ರಶ್ನೆ. ತೋಟ ಮಾಡಿದ್ದ ಬ್ರಿಟಿಷ್ ದೊರೆಗಳು ಬಿಟ್ಟುಹೋದ ಹಳೆಯ ಜೋಡುನಳಿಗೆಗಳಲ್ಲಿ ಕೆಲವು ಕರಿಮದ್ದಿನ ಒತ್ತಡಕ್ಕೆಂದೇ ಮಾಡಿದವು ಎಂಬುದನ್ನು ಇದರ ಜೊತೆಗೆ ಸೇರಿಸಿಕೊಳ್ಳಿ. ಇನ್ನು ಮದ್ದು ಸಿಗದಿದ್ದಾಗ ಪಟಾಕಿ ಬಿಚ್ಚುವ ಮಹಾನುಭಾವರ ಬಗ್ಗೆ ನಾನೇನೂ ಬರೆಯುವುದಿಲ್ಲ. ಅವರ ಬಗ್ಗೆ ಬರೆಯುವ ಕೆಲಸ ಆಸ್ಪತ್ರೆಯವರದು.

ಸರಿ, ಹಾರಿಸುವವನ ಕೈ ಅವನದೇ, ಹೋದರೆ ಅವನದೇ ಹೋಯಿತು ಎನ್ನೋಣ. ತೊಳೆಯುವವರು ಯಾರು?

ಇಲ್ಲಿ ನನಗೆ ವ್ಯಂಗ್ಯವೂ ಬರುವುದಿಲ್ಲ. ಕೋವಿ ಹಿಡಿಯುವವನು ಸಾಮಾನ್ಯವಾಗಿ ತೋಟೆ ತೊಳೆಯುವುದಿಲ್ಲ. ‘ಏ, ಇದನ್ನೊಂದಿಷ್ಟು ತೊಳೆದಿಡು’ ಎಂದು ಕೊಟ್ಟು ಒಳಗೆ ಹೋಗುತ್ತಾನೆ. ತೊಳೆಯುವುದು ಮನೆಕೆಲಸದ ಹೆಂಗಸು, ಲೈನ್ ಮನೆಯಿಂದ ಬರುವ ಹುಡುಗ, ರಜೆಗೆ ಬಂದ ಮೊಮ್ಮಗ. ಸಾಮಾನ್ಯ ಕೇಪುಗಳ ಸಿಡಿಮದ್ದಿನಲ್ಲಿ ಸೀಸದ ಸಂಯುಕ್ತ ಇರುತ್ತದೆ, ಚರೆಯಂತೂ ಸೀಸವೇ. ಹಾರಿದ ತೋಟೆಯ ಒಳಗೋಡೆಗೆ ಮೆತ್ತಿದ ಆ ಕಪ್ಪು ಪುಡಿ ಬರೀ ಮಸಿಯಲ್ಲ, ಸೀಸದ ಧೂಳು. ಅದನ್ನು ಕಡ್ಡಿಗೆ ಬಟ್ಟೆ ಸುತ್ತಿ ಕೆರೆದು, ಪಾತ್ರೆ ತೊಳೆಯುವ ಕಲ್ಲಿನ ಮೇಲೆಯೇ ತಿಕ್ಕಿ, ಅದೇ ಬಕೆಟ್ಟಿನಲ್ಲಿ ಜಾಲಿಸಿ, ನೀರನ್ನು ಬಾಳೆ ಬುಡಕ್ಕೆ ಚೆಲ್ಲುತ್ತಾರೆ. ಕೈ ಸೆರಗಿಗೆ ಒರೆಸಿಕೊಳ್ಳುತ್ತಾರೆ. ಅದೇ ಕೈಯಲ್ಲಿ ಎಲೆ ಅಡಿಕೆ.

ಸೀಸಕ್ಕೆ ಇಷ್ಟರವರೆಗೆ ಸುರಕ್ಷಿತ ಎನ್ನುವ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮೆದುಳಿಗೆ ಆಗುವ ಹಾನಿ ತಿರುಗಿ ಸರಿಹೋಗುವಂಥದ್ದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಈ ವಿಷದ ಬಗ್ಗೆ ದೇಶವೆಲ್ಲ ಸುತ್ತಿ ಹೇಳಿದರು. 2000ದ ಹೊತ್ತಿಗೆ ದೇಶ ಪೆಟ್ರೋಲಿನಿಂದಲೇ ಸೀಸವನ್ನು ತೆಗೆಯಿತು. ಐರೋಪ್ಯ ಒಕ್ಕೂಟದಲ್ಲಿ 2023ರಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆ ಹಾರಿಸುವಂತೆಯೇ ಇಲ್ಲ, ಬಾತುಕೋಳಿ ತಿನ್ನುತ್ತದೆಂದು. ಅಲ್ಲಿ ಬಾತುಕೋಳಿಗೆ ಸಿಕ್ಕ ರಕ್ಷಣೆ ಇಲ್ಲಿ ಅಡುಗೆಮನೆಯ ಹಿಂದಿನ ಕಲ್ಲಿನ ಬಳಿ ಕುಕ್ಕುರುಗಾಲಲ್ಲಿ ಕೂತ ಹುಡುಗನಿಗೆ ಸಿಕ್ಕಿಲ್ಲ. ಅವನ ಹೆಸರು ಕೋವಿಯ ಪರವಾನಗಿಯಲ್ಲಿ ಇದೆಯೇ? ಅವನ ರಕ್ತವನ್ನು ಯಾರಾದರೂ ಪರೀಕ್ಷೆ ಮಾಡಿಸಿದ್ದಾರೆಯೇ?

ಇಷ್ಟೆಲ್ಲ ಯಾಕಾಗಿ? ‘ತೋಟೆ ದುಬಾರಿ ಮಾರಾಯ್ರೆ.’ ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಅಂಗಳದಲ್ಲಿ ನಿಂತಿರುವ ವಾಹನದ ಕಡೆ ಕಣ್ಣು ಹೋಗುತ್ತದೆ. 2025ರ ಆರಂಭದಲ್ಲಿ ಅರೇಬಿಕಾ ಕಾಫಿಯ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಹಿಂದೆಂದೂ ಕಾಣದ ಎತ್ತರ ಮುಟ್ಟಿತು. ಆ ವರ್ಷವೂ ಖಾಲಿ ತೋಟೆಯ ಡಬ್ಬಿ ಅಟ್ಟದಿಂದ ಇಳಿಯಲಿಲ್ಲ. ಸಣ್ಣ ಹಿಡುವಳಿದಾರನ ಕಷ್ಟ ಬೇರೆ, ಅದು ನನಗೆ ಗೊತ್ತು. ಅವನಿಗೂ ಎರಡು ಬೆರಳು ಹೋದರೆ ಕಸಿ ಮಾಡಲು, ಹಣ್ಣು ಬಿಡಿಸಲು, ಮೆಣಸಿನ ಏಣಿ ಹತ್ತಲು ಎಷ್ಟು ನಷ್ಟ ಎಂದು ಒಮ್ಮೆ ಲೆಕ್ಕ ಹಾಕಿ, ಆಮೇಲೆ ತೋಟೆಯ ಬೆಲೆ ಹೇಳಿ.

ಎಲ್ಲದಕ್ಕೂ ತಜ್ಞರನ್ನು ಕೇಳುವ ಜನ ನಾವು, ಅದು ನನಗೆ ಬಗೆಹರಿಯದ ಸೋಜಿಗ. ಎಲೆಯ ಅಡಿಯಲ್ಲಿ ಒಂದು ತುಕ್ಕಿನ ಚುಕ್ಕೆ ಕಂಡರೆ ಬಾಳೆಹೊನ್ನೂರಿಗೆ ಓಡುತ್ತೇವೆ. ಅಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ವಿಜ್ಞಾನಿಗಳಿದ್ದಾರೆ. ಮಣ್ಣಿನ ಹುಳಿ ಎಷ್ಟು, ಸುಣ್ಣ ಎಷ್ಟು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು ಎಂದು ಗ್ರಾಮಿನ ಲೆಕ್ಕದಲ್ಲಿ ಕೇಳಿ ಬರೆದುಕೊಳ್ಳುತ್ತೇವೆ. ಕಾಂಡಕೊರಕಕ್ಕೆ ಸಿಂಪಡಿಸುವಾಗ ತೋಟದ ರೈಟರನ್ನು ನಿಲ್ಲಿಸಿ ಅಳತೆ ಮಾಡಿಸುತ್ತೇವೆ. ಮುಖದಿಂದ ಒಂದು ಗೇಣು ದೂರದಲ್ಲಿ ಸಿಡಿಯುವ ಸ್ಫೋಟಕಕ್ಕೆ ಮಾತ್ರ ‘ಒಂದು ಚಿಟಿಕೆ ಜಾಸ್ತಿಯೇ ಇರಲಿ’ ಎನ್ನುವ ಅಳತೆ ಸಾಕು.

‘ಅಮೆರಿಕದಲ್ಲಿ ಮನೆಮನೆಯಲ್ಲೂ ತುಂಬಿಕೊಳ್ಳುತ್ತಾರೆ’ ಎಂಬುದು ಓದಿಕೊಂಡವರ ವಾದ. ತುಂಬಿಕೊಳ್ಳುತ್ತಾರೆ, ಸತ್ಯ. ಹೇಗೆ ಎಂಬುದನ್ನೂ ಹೇಳಬೇಕಲ್ಲ? ಅಲ್ಲಿ ಮದ್ದಿನ ಕಂಪನಿಗಳು ಲೆಕ್ಕದ ಪುಸ್ತಕ ಅಚ್ಚು ಹಾಕುತ್ತವೆ. ಇಂಥ ತಯಾರಕನ ಇಂಥದೇ ತೋಟೆಗೆ, ಇಂಥದೇ ಕೇಪಿಗೆ, ಇಂಥದೇ ಬಿಲ್ಲೆಗೆ ಇಷ್ಟೇ ಮದ್ದು, ತೂಕದಲ್ಲಿ. ನಾಲ್ಕರಲ್ಲಿ ಒಂದು ಬದಲಾದರೂ ಇಡೀ ಲೆಕ್ಕ ಬದಲಾಗುತ್ತದೆ, ಯಾಕೆಂದರೆ ಒತ್ತಡ ಬದಲಾಗುತ್ತದೆ. ತೂಗುವ ತಕ್ಕಡಿ, ಒತ್ತುವ ಯಂತ್ರ, ಕಾನೂನಿನ ಪ್ರಕಾರ ಅಂಗಡಿಯಲ್ಲಿ ಸಿಗುವ ಸಾಮಗ್ರಿ ಎಲ್ಲ ಇದ್ದೂ, ಕೆಸರು ಮೆತ್ತಿದ ತೋಟೆ ಸಿಕ್ಕರೆ ಅವರಲ್ಲಿ ಬಹಳಷ್ಟು ಜನ ತೊಳೆಯುವ ಗೋಜಿಗೇ ಹೋಗದೆ ಎಸೆದುಬಿಡುತ್ತಾರೆ. ನಮ್ಮಲ್ಲಿ ಆ ಪುಸ್ತಕ ಇಲ್ಲ, ತಕ್ಕಡಿ ಇಲ್ಲ, ಮದ್ದು ಯಾವುದು ಎಂದು ಮಾರಿದವನಿಗೂ ಗೊತ್ತಿಲ್ಲ. ಇಡೀ ಅಮೆರಿಕದಿಂದ ನಾವು ಆಮದು ಮಾಡಿಕೊಂಡದ್ದು ಅವರ ಉದಾಹರಣೆಯನ್ನು ಮಾತ್ರ.

ಇನ್ನು ಲೆಕ್ಕದ ಮಾತು. ಪುಣೆಯ ಖಡ್ಕಿ ಕಾರ್ಖಾನೆಯಿಂದ ಬರುವ ಶಕ್ತಿಮಾನ್ ತೋಟೆಯ ಮೇಲೆ ಒಳಗಿನ ಚರೆ ಯಾವ ಗಾತ್ರದ್ದು ಎಂದು ಅಚ್ಚಾಗಿರುತ್ತದೆ: ಎಲ್‌ಜಿ, ಎಸ್‌ಜಿ, ಬಿಬಿ, ನಾಲ್ಕನೇ ನಂಬರು. ಅಂಗಡಿಯವನ ಪುಸ್ತಕದಲ್ಲೂ ನಿಮ್ಮ ಪರವಾನಗಿಯಲ್ಲೂ ಎಷ್ಟು ಕೊಂಡಿರೆಂದು ನಮೂದಾಗುತ್ತದೆ. ಮನೆಯಲ್ಲಿ ತುಂಬಿದ ತೋಟೆಯ ಹೊರಗೆ ನಾಲ್ಕನೇ ನಂಬರು ಎಂದಿರುತ್ತದೆ, ಒಳಗೆ ಬಲೆಗೆ ಕಟ್ಟುವ ಸೀಸದ ಗುಂಡಿನ ಚೂರು. ಸೀಮೆಎಣ್ಣೆಯಲ್ಲಿ ತಿಕ್ಕಿದರೆ ಆ ಅಕ್ಷರವೂ ಅಳಿಸುತ್ತದೆ. ಮಂಗನನ್ನು ಓಡಿಸಲೆಂದು ಆಳು ಎತ್ತಿಕೊಂಡು ಹೋದ ತೋಟೆ ಯಾವುದು, ಯಾರು ತುಂಬಿದ್ದು, ಯಾವಾಗ? ಯಾವ ಪುಸ್ತಕದಲ್ಲೂ ಇಲ್ಲದ ಈಡು ಅದು. ಹಂದಿ ಎಂದು ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳ ಜಿಲ್ಲಾ ಪುಟಕ್ಕೆ ಹೊಸತಲ್ಲ. ಕಡ, ಕಾಡುಕುರಿ ಬಿದ್ದ ಸುದ್ದಿಯಂತೂ ಪತ್ರಿಕೆಯವರೆಗೆ ಬರುವುದೇ ಅಪರೂಪ. ಲೆಕ್ಕವಿಲ್ಲದ ತೋಟೆ ಲೆಕ್ಕವಿಲ್ಲದ ಬೇಟೆಗೆ ಹೋಗುತ್ತದೆ ಎಂಬುದು ಪೊಲೀಸರಿಗೂ ಅರಣ್ಯ ಇಲಾಖೆಗೂ ಗೊತ್ತಿಲ್ಲವೇ? ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ತರಿಸಿ ನಂಬರು ನೋಡಿ ಬೀರುವಿನಲ್ಲಿಡುವ ವ್ಯವಸ್ಥೆಗೆ ಡಬ್ಬಿಗಟ್ಟಲೆ ಖಾಲಿ ತೋಟೆ ಮನೆಯಲ್ಲೇ ಉಳಿದದ್ದು ಕಾಣುವುದಿಲ್ಲವೇ?

ಕಾನೂನು ಏನೂ ಮರೆಮಾಚಿ ಹೇಳಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೋವಿ ಇಟ್ಟುಕೊಳ್ಳಲು ಒಂದು ಪರವಾನಗಿ, ಮದ್ದುಗುಂಡು ತಯಾರಿಸಲು ಬೇರೆಯೇ ಪರವಾನಗಿ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಬೆಳೆ ರಕ್ಷಣೆ ಎನ್ನುತ್ತೀರಿ. 1972ರ ವನ್ಯಜೀವಿ ಕಾಯ್ದೆಯ 11ನೇ ಕಲಂ ಪ್ರಾಣಭಯದಲ್ಲಿ ಹಾರಿಸಿದವನಿಗೆ ರಕ್ಷಣೆ ಕೊಡುತ್ತದೆ. ಬೆಳೆಗಾಗಿ ಕೊಲ್ಲಲು ಅಧಿಕಾರಿಯ ಲಿಖಿತ ಅನುಮತಿ ಬೇಕು ಎನ್ನುತ್ತದೆ. ಆನೆಗೆ ಹೇಗೂ ಚರೆ ತಾಗುವುದಿಲ್ಲ, ಕೆರಳುತ್ತದೆ ಅಷ್ಟೇ. ಆಲ್ದೂರು, ಮೂಡಿಗೆರೆಯ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಮಂಗನಿಗೆ ಸದ್ದು ಸಾಕು. ಹಾಗಾದರೆ ಆ ಡಬ್ಬಿ ಇರುವುದು ಯಾವ ಬೆಳೆಯ ರಕ್ಷಣೆಗೆ?

ಉತ್ತರ ಎಲ್ಲರಿಗೂ ಗೊತ್ತು: ಅದು ಶಿಕಾರಿಯ ನೆನಪಿನ ಡಬ್ಬಿ. ದೊರೆಗಳ ಕಾಲ, ಅಜ್ಜನ ಗುರಿ, ಭದ್ರೆಯ ದಂಡೆಯ ಆ ರಾತ್ರಿ. ಜಾಗರ ಕಣಿವೆಯ ಆ ಕಾಡು ಈಗ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. 1998ರಿಂದ ಹುಲಿ ಯೋಜನೆಯಲ್ಲಿದೆ. ನಮ್ಮ ಮಾತಿನಲ್ಲಿ ಮಾತ್ರ ಅದು ಇನ್ನೂ ಅಜ್ಜನ ಬೇಟೆಯ ಕಾಡು. ಸಾಹಿತಿ ತೇಜಸ್ವಿಯವರನ್ನು ಓದಿದ್ದೇವೆ ಎನ್ನುವವರೂ ಅವರ ಪುಸ್ತಕಗಳಿಂದ ಎತ್ತಿಕೊಳ್ಳುವುದು ಕೋವಿ, ಈಡು, ಹಂದಿ ಇಷ್ಟನ್ನೇ. ಶಿಕಾರಿಯ ಜಗತ್ತನ್ನು ಅಷ್ಟು ಬಲ್ಲ ಆ ಮನುಷ್ಯ ಇದೇ ಮೂಡಿಗೆರೆಯಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ವರ್ಷಗಟ್ಟಲೆ ಅಲೆದರು ಎಂಬ ಭಾಗ ಬಂದಾಗ ಪುಟ ಮಗುಚುತ್ತೇವೆ.

ಹಾಗಾಗಿ ಬೇಡಿಕೆಗಳನ್ನು ನೇರವಾಗಿ ಇಡುತ್ತೇನೆ. ಪರವಾನಗಿ ಕೊಡುವುದು ಜಿಲ್ಲಾಧಿಕಾರಿ. ಹೊಸ ತೋಟೆ ಕೊಳ್ಳುವವನು ಹಳೆಯ ಖಾಲಿ ತೋಟೆಗಳನ್ನು ಎಣಿಸಿ ಹಿಂದಿರುಗಿಸಲಿ, ಅವನ್ನು ಅವನೆದುರೇ ಕತ್ತರಿಸಿ ಹಾಕಲಿ ಎಂದು ಅವರು ಷರತ್ತು ಹಾಕಲಿ. ಮನೆಯಲ್ಲಿ ತುಂಬಿದ ತೋಟೆ ಇಟ್ಟುಕೊಂಡವರು ಹೆದರಿ ಬಚ್ಚಿಡುತ್ತಾರೆ, ಇಲ್ಲವೇ ಬಿಚ್ಚಲು ಹೋಗಿ ಸುಟ್ಟುಕೊಳ್ಳುತ್ತಾರೆ. ಅಂಥವನ್ನು ಹೆಸರು ಕೇಳದೆ, ಮೊಕದ್ದಮೆ ಹಾಕದೆ ಪಡೆದುಕೊಳ್ಳುವ ಒಂದು ತಿಂಗಳ ಅವಕಾಶವನ್ನು ಪೊಲೀಸ್ ಇಲಾಖೆ ಹೋಬಳಿ ಮಟ್ಟದಲ್ಲಿ ಕೊಡಲಿ. ಬೆಳೆಗಾರರ ಸಂಘಗಳು ಮುಂದಿನ ಸಭೆಯಲ್ಲಿ ಕಾಡಾನೆ, ಸೌರಬೇಲಿ, ಬೆಳೆ ಪರಿಹಾರ ಎಂದು ಬರೆದ ಕಾರ್ಯಸೂಚಿಗೆ ಇದನ್ನೂ ಸೇರಿಸಲಿ. ಪರಿಹಾರದ ಹಣ ತಡವಾಗುತ್ತದೆಂದು ವಿಧಾನಸೌಧದವರೆಗೆ ಹೋಗಬಲ್ಲ ಸಂಘಗಳಿಗೆ ತಮ್ಮ ಸದಸ್ಯರ ಅಟ್ಟದವರೆಗೆ ಹೋಗಲು ಏನು ಅಡ್ಡಿ?

ನೀವು, ಕೋವಿ ಇಟ್ಟುಕೊಂಡವರು, ಸರ್ಕಾರದ ಸುತ್ತೋಲೆಗೆ ಕಾಯಬೇಡಿ. ಡಬ್ಬಿಯನ್ನು ನೀವೇ ಇಳಿಸಿ, ಆಳಿಗೆ ಹೇಳಬೇಡಿ. ಕೈಗೆ ರಬ್ಬರ್ ಗವಸು ಹಾಕಿಕೊಳ್ಳಿ. ಹಾರಿದ ಪ್ಲಾಸ್ಟಿಕ್ ತೋಟೆಗಳನ್ನು ಒಂದೊಂದಾಗಿ ಗಿಡ ಸವರುವ ಕತ್ತರಿಯಿಂದ ನಡುವಿಗೆ ಕತ್ತರಿಸಿ. ಒಲೆಗೆ ಹಾಕಬೇಡಿ, ಹೊಂಡಕ್ಕೆ ಎಸೆಯಬೇಡಿ, ಚೀಲ ಕಟ್ಟಿ ಕೋವಿ ಅಂಗಡಿಗೆ ಕೊಡಿ. ಹಿತ್ತಾಳೆಯವನ್ನೂ, ಹಾರದೆ ಉಳಿದವನ್ನೂ ಮುಟ್ಟಿ ಬಿಚ್ಚದೆ ಹಾಗೆಯೇ ಒಪ್ಪಿಸಿ. ತೊಳೆಯಲು ಕೊಡುತ್ತಿದ್ದ ಆ ಹುಡುಗನನ್ನೂ ಅವನ ತಾಯಿಯನ್ನೂ ನಿಮ್ಮದೇ ಖರ್ಚಿನಲ್ಲಿ ಕರೆದೊಯ್ದು ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ, ಬಂದ ವರದಿಯನ್ನು ಅವರ ಕೈಗೇ ಕೊಡಿ.